ಹೊತ್ತು ಮುಳುಗುವ ಮೊದಲಿನ ಊಟ

ಮದುವೆಯಾಗಿ ಧಾರವಾಡದಿಂದ ಪುಣೆಯ ವಾಡೆಗೆ ಬಂದ ಮೇಲೆ, ಬೆಳಿಗ್ಗೆ ಎದ್ದರೆ ನನಗೆ ಬಾಯೆಲ್ಲ ಕಹಿ. ಹಾಗಲಕಾಯಿ ಅಗಿದು ಮಲಗಿದವಳಂತೆ. ಅಂಗಳದ ನಲ್ಲಿಯ ಹತ್ತಿರ ನಾನು ಮುಕ್ಕಳಿಸಿ ಉಗುಳುವುದನ್ನು ಕಂಡು ನೆರೆಯ ಮರಾಠಿ ಹೆಂಗಸರು ಬಸುರಿ ಎಂದು ನಕ್ಕರು. ಅದೂ ಆಗಿರಲಿಲ್ಲ.

ಅತ್ತೆ ಪಿತ್ತ ಎಂದರು. ಕೊತ್ತಂಬರಿ ನೀರು, ನೆನೆಸಿದ ದ್ರಾಕ್ಷಿ, ಕಡೆಗೆ ಕಿರಾತಕಡ್ಡಿಯ ಕಷಾಯ. ಕಹಿ ಬಾಯಿಗೆ ಇನ್ನಷ್ಟು ಕಹಿ! ಮುಖ ಸಿಂಡರಿಸಿದರೆ ತವರಿನ ಸೊಕ್ಕು ಎಂಬ ಮಾತು ಬೇರೆ.

ಕೊನೆಗೆ ಓಣಿಯ ವೈದ್ಯರು ನಾಡಿ ಹಿಡಿದು, ರಾತ್ರಿ ಎಷ್ಟು ಹೊತ್ತಿಗೆ ಉಣ್ಣುತ್ತೀ ಎಂದು ಕೇಳಿದರು. ಹೇಳಲು ನಾಚಿಕೆಯಾಯಿತು. ನಮ್ಮವರು ಕಚೇರಿ ಬಿಟ್ಟು ಇಸ್ಪೀಟಿಗೆ ಕೂತರೆ ಓಣಿ ಮಲಗಿದ ಮೇಲೆಯೇ ಮನೆಗೆ. ಅವರು ಉಂಡೆದ್ದ ಎಲೆಯಲ್ಲೇ ನಾನು ಉಣ್ಣಬೇಕು. ತಣ್ಣನೆಯ ರೊಟ್ಟಿ, ಖಾರದ ಪಲ್ಯ ತಿಂದು, ಒಲೆ ಸಾರಿಸಿ ಹಾಗೇ ಅಡ್ಡಾಗಬೇಕು. ತಿಂದದ್ದು ಎದೆಯಲ್ಲೇ ಕೂತಿರುತ್ತಿತ್ತು.

ವೈದ್ಯರು ಪುಡಿಗಿಡಿ ಏನೂ ಕೊಡಲಿಲ್ಲ. ಹೊತ್ತು ಮುಳುಗುವ ಮೊದಲು ಉಂಡುಬಿಡು, ಅದೇ ಮದ್ದು ಎಂದರು.

“ಗಂಡ ಉಣ್ಣೂಕಿಂತ ಮೊದಲ ಹೆಂಡ್ತಿ ಉಣ್ಣೂದು ಎಲ್ಯರ ಅದ ಏನು?” ಎಂದು ಅತ್ತೆ ವೈದ್ಯರ ಮೇಲೇ ಹರಿಹಾಯ್ದರು.

ನಮ್ಮವರು ಕೆಟ್ಟವರಲ್ಲ. ಕೋಣೆಯಲ್ಲಿ ಮೆಲ್ಲಗೆ, “ನೀ ಉಂಡುಬಿಡು. ನಂದೇನೂ ಇಲ್ಲ” ಎಂದರು.

“ಇದನ್ನಽ ಅವ್ವನ ಮುಂದ ಒಂದು ಮಾತು ಹೇಳ್ರಿ.”

“ನೋಡೂಣು,” ಎಂದು ಟೊಪ್ಪಿಗೆ ಹುಡುಕತೊಡಗಿದರು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಆ ಮಾತು ಆಡಲು ಅವರಿಗೆ ಕಡೆಯವರೆಗೂ ಬಾಯಿ ಬರಲಿಲ್ಲ. ಅತ್ತೆಗಿಂತ ಅವರ ಮೇಲೆಯೇ ನನಗೆ ಇವತ್ತಿಗೂ ಹೆಚ್ಚು ಸಿಟ್ಟು.

ಮುಂದಿನ ಮಳೆಗಾಲದಲ್ಲಿ ವಿಷಮಜ್ವರ ಬಂದು ಅವರು ಹೋದರು. ನನ್ನ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ವಿಧವೆಗೆ ರಾತ್ರಿ ಊಟವಿಲ್ಲ. ಮಧ್ಯಾಹ್ನ ಒಂದು ಹೊತ್ತು ಅನ್ನ, ಸಂಜೆಗೆ ಒಂದು ಹಿಡಿ ಅವಲಕ್ಕಿ. ಅದನ್ನು ಅತ್ತೆಯೇ ತಂದು ಮುಂದಿಡುತ್ತಿದ್ದರು.

“ಹೊತ್ತು ಮುಳಗೂದ್ರಾಗ ತಿಂದುಬಿಡವಾ,” ಎನ್ನುತ್ತಿದ್ದರು.

ತಿಂದೆ. ತಿಂಗಳೊಳಗೆ ಬಾಯಿ ಕಹಿ ನಿಂತಿತು, ಮತ್ತೆ ಬರಲಿಲ್ಲ. ವೈದ್ಯರು ಹೇಳಿದ್ದು ಸುಳ್ಳಲ್ಲ. ಆ ಮದ್ದು ನನಗೆ ಸಿಗಬೇಕಾದರೆ ಗಂಡ ಸಾಯಬೇಕಾಯಿತು.