ಮೂರು ಗ್ಲಾಸಿನ ಮಾಸ್ತರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಸೀಮೆಸುಣ್ಣದ ಪುಡಿ ತುಂಬಿಕೊಂಡು ಬಿಳಿ ಗೆರೆ ಎಳೆದಂತೆ ಕಾಣುತ್ತಿತ್ತು. ಅವರು ಸ್ಟೀಲ್ ಗ್ಲಾಸು ಎತ್ತಿ ಹಿಡಿದಾಗ ನಮಗೆ ಮೊದಲು ಕಾಣುತ್ತಿದ್ದುದು ಆ ಗೆರೆಯೇ. ಇಷ್ಟು ಬರೆದು ಅಕ್ಕನಿಗೆ ಓದಿ ಹೇಳಿದೆ. "ಬಲಗೈ ಅಲ್ಲೋ, ಎಡಗೈ" ಎಂದಳು. ಅವಳೂ ಅದೇ ಶಾಲೆಯಲ್ಲಿ ನನಗಿಂತ ಎರಡು ವರ್ಷ ಮುಂದೆ ಓದಿದವಳು. ಮನೆಯಲ್ಲಿರುವ ಒಂದೇ ಗ್ರೂಪ್ ಫೋಟೊದಲ್ಲಿ ಅವರು ಕೈಕಟ್ಟಿ ಕುಳಿತಿದ್ದಾರೆ; ಎರಡೂ ಹೆಬ್ಬೆರಳು ಕಾಣುವುದಿಲ್ಲ. ಆದ್ದರಿಂದ ನಾನು ಮುಂದೆ ಹೇಳುವುದನ್ನೆಲ್ಲ ಈ ಹೆಬ್ಬೆರಳನ್ನು ನೆನಪಿಟ್ಟುಕೊಂಡೇ ಓದಬೇಕು.

ಅವರು ಇಳಕಲ್ಲಿನ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಮನೆ ಕಮತಗಿಯಲ್ಲಿ. ದಿನಾ ಬೆಳಿಗ್ಗೆ ಹುನಗುಂದದ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ಬಂದು ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದರು. ಹೆಗಲ ಚೀಲದಲ್ಲಿ ಊಟದ ಡಬ್ಬಿಯ ಜೊತೆಗೆ ಒಂದೇ ಅಳತೆಯ ಮೂರು ಸ್ಟೀಲ್ ಗ್ಲಾಸುಗಳು ಹಳೆ ಪೇಪರಿನಲ್ಲಿ ಸುತ್ತಿಕೊಂಡು ಇರುತ್ತಿದ್ದವು. ಡಬ್ಬಿ ಮರೆತು ಬಂದ ದಿನಗಳುಂಟು. ಗ್ಲಾಸು ಮರೆತದ್ದು ನಾ ಕಾಣೆ.

ಯಾರೇ ಆಗಲಿ, ಇಂಥ ಬಾವಿಯ ನೀರಿನ ಗಂಜಿ ಹಾಕಿದರೆ ನೂಲು ಗಟ್ಟಿಯಾಗುತ್ತದೆ, ಇಂಥ ಅಂಗಡಿಯ ಚಹಾಪುಡಿಯೇ ಪುಡಿ ಎಂದು ಅವರೆದುರು ಹೇಳಿದರೆ ಗ್ಲಾಸುಗಳು ಹೊರಗೆ ಬರುತ್ತಿದ್ದವು. ಎರಡರಲ್ಲಿ ಸಾಮಾನ್ಯದ್ದು, ಒಂದರಲ್ಲಿ ಹೆಚ್ಚಿನದ್ದು ಎಂದು ಹೇಳಿಕೊಂಡದ್ದು. ಹೇಳಿದವನು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಇನ್ನೊಬ್ಬ ಗ್ಲಾಸುಗಳ ಜಾಗ ಬದಲಿಸಬೇಕು. ಆಮೇಲೆ ಇವನು ತಿರುಗಿ ಬಂದು ತನ್ನದನ್ನು ಗುರುತಿಸಬೇಕು.

ಒಂಬತ್ತನೇ ತರಗತಿಯಲ್ಲಿ ಆ ಪಾಳಿ ನನ್ನದಾಯಿತು. ಬಾದಾಮಿಗೆ ಟ್ರಿಪ್ ಹೋದಾಗ ಗುಡ್ಡದ ಝರಿಯ ನೀರನ್ನು ಬಾಟಲಿಯಲ್ಲಿ ತಂದಿದ್ದೆ. ಅದು ಸಕ್ಕರೆ ಹಾಕಿದಂತೆ ಸಿಹಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಮಾಸ್ತರು ಬಾಟಲಿ ಇಸಿದುಕೊಂಡು ಒಂದು ಗ್ಲಾಸಿಗೆ ಅದನ್ನೂ ಎರಡಕ್ಕೆ ಶಾಲೆಯ ನಳದ ನೀರನ್ನೂ ಹಾಕಿದರು. ನಾನು ಗೋಡೆಗೆ ನಿಂತೆ, ತಿರುಗಿದೆ, ಮೂರನ್ನೂ ಗುಟುಕರಿಸಿ ನಡುವಿನದನ್ನು ಎತ್ತಿದೆ. ಅದೇ ಬಾದಾಮಿಯದು! ತರಗತಿ ಚಪ್ಪಾಳೆ ತಟ್ಟಿತು.

ಮಾಸ್ತರು ನಗಲಿಲ್ಲ. "ಇನ್ನೊಮ್ಮೆ" ಎಂದರು.

ಎರಡನೇ ಸಲ ತಪ್ಪಿದೆ. ಮೂರನೇ ಸಲವೂ ತಪ್ಪಿದೆ. ಹಿಂದಿನ ಬೆಂಚಿನಿಂದ ಯಾರೋ "ಸಕ್ಕರಿ ಕರಗಿ ಹೋತೇನಲೇ?" ಎಂದು ಕೂಗಿದ. ಮಾಸ್ತರು ನನ್ನ ಭುಜದ ಮೇಲೆ ಕೈಯಿಟ್ಟು, "ಒಮ್ಮೆ ಗೆದ್ದರ ಅದು ಲಾಟರಿ ತಮ್ಮಾ. ನಾಲಿಗಿ ಸುಳ್ಳ ಹೇಳಿಲ್ಲ ಪಾಪ, ನಿನ್ನ ಆಸೆ ಹೇಳೇತಿ" ಎಂದರು. ಆ ದಿನ ಅವಮಾನದಿಂದ ಕಿವಿ ಬಿಸಿಯಾಗಿತ್ತು. ಮುಂದೆ ನಾನು ವಿಶ್ವವಿದ್ಯಾಲಯಕ್ಕೆ ಹೋಗಿ ನ್ಯಾನೊ ಕಣಗಳ ಮೇಲೆ ಸಂಶೋಧನೆ ಮಾಡಿದ್ದು, ಯಾವುದನ್ನೂ ಸುಲಭಕ್ಕೆ ನಂಬದೆ ಮನೆಮಂದಿಗೆ ಬೇಸರ ತರಿಸುವವನಾದದ್ದು, ಎಲ್ಲಕ್ಕೂ ಮೂಲ ಆ ನಡುವಿನ ಗ್ಲಾಸು.

ಅವರ ನಿವೃತ್ತಿಯ ಸಮಾರಂಭದಲ್ಲಿ ಮಾತಾಡಲು ನನ್ನನ್ನು ಕರೆದರು. ಅಷ್ಟೊತ್ತಿಗೆ ಬಾಗಲಕೋಟೆಯ ಕಾಲೇಜಿನಲ್ಲಿ ಪಾಠಕ್ಕೆ ಸೇರಿದ್ದೆ. ಕೂದಲೆಳೆಯ ದಪ್ಪವನ್ನು ಹತ್ತಾರು ಸಾವಿರ ಪಾಲು ಮಾಡಿದರೆ ಸಿಗುವ ಒಂದು ಪಾಲಿನ ಅಳತೆಯಲ್ಲಿ ವಸ್ತುಗಳ ಸ್ವಭಾವವೇ ಬದಲಾಗುತ್ತದೆ ಎಂದು ಶುರು ಮಾಡಿದೆ. ನೀರು ಅಂಟದ ಬಟ್ಟೆ, ಫೋನಿನೊಳಗಿನ ಚಿಪ್, ಬಿಸಿಲಿಗೆ ಹಚ್ಚುವ ಕ್ರೀಮು, ಬಾಟಲಿಯಲ್ಲಿ ಬರುವ ಗೊಬ್ಬರ, ಕ್ಯಾನ್ಸರ್ ಗಡ್ಡೆಯವರೆಗೆ ಔಷಧ ಹೊತ್ತೊಯ್ಯುವ ಕಣ, ಎಲ್ಲ ಹೇಳಿದೆ. "ನ್ಯಾನೊ ಅಂದ್ರ ಆ ಸಣ್ಣ ಕಾರಲ್ಲೇನ್ರಿ?" ಎಂದು ಒಬ್ಬರು ಕೇಳಿದರು. ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡು ಕುಳಿತಿದ್ದ ಮಾಸ್ತರು ನನಗಿಂತ ಮೊದಲೇ, "ಕಾರಲ್ಲೋ ಮಾರಾಯಾ, ಕಾರಿನ ಬಣ್ಣದಾಗ ಇರೂದು!" ಎಂದರು.

ನಮ್ಮೂರಿನ ಪಾಲಿಶ್ ಕಾರ್ಖಾನೆಯಿಂದ ಕೆಂಪು ಗ್ರಾನೈಟಿನ ತುಂಡೊಂದನ್ನು ತಂದು, ಅದರ ಅರ್ಧಕ್ಕೆ ನ್ಯಾನೊ ಲೇಪ ಹಚ್ಚಿಟ್ಟಿದ್ದೆ. ಲೇಪವಿಲ್ಲದ ಕಡೆ ಹನಿ ಹಾಕಿದಾಗ ನೀರು ಹರಡಿ ಕಲ್ಲು ಕಪ್ಪಾಯಿತು. ಲೇಪದ ಕಡೆ ಹನಿ ಗೋಲಿಯಂತೆ ಉರುಳಿ ಕೆಳಗೆ ಬಿತ್ತು. ಜನ ಹೋ ಎಂದರು. ಮಾಸ್ತರು ಕುಳಿತಲ್ಲಿಂದಲೇ "ಇನ್ನೊಮ್ಮೆ" ಎಂದರು. ಮತ್ತೆ ಹಾಕಿದೆ. ಮತ್ತೆ ಉರುಳಿತು. "ಇನ್ನೊಮ್ಮೆ." ಉರುಳಿತು. ಆಗ ಅವರು ಎದ್ದು ಬಂದು, ಎಲ್ಲರೆದುರು ನನ್ನ ಬೆನ್ನು ಚಪ್ಪರಿಸಿದರು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಪದವಿ ಬೇರಾವುದೂ ಸಿಕ್ಕಿಲ್ಲ.

ಇದಾದ ಎಷ್ಟೋ ತಿಂಗಳ ಮೇಲೆ ಅವರ ಫೋನು ಬಂತು. ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ.

"ತಮ್ಮಾ, ಬೆಳ್ಳಿಯ ನ್ಯಾನೊ ಕಣ ನೀರಾಗಿನ ಕ್ರಿಮಿ ಕೊಲ್ತಾವಂತಲ್ಲ, ಖರೆ ಏನು?"

"ಖರೆ ಐತ್ರಿ ಸರ್. ಫಿಲ್ಟರದಾಗ ಹಾಕ್ತಾರ."

"ಮತ್ತ ಔಷಧಾನೂ ಆಗತೈತಿ ಅಂದಿದ್ದಿ ಭಾಷಣದಾಗ."

"ಹೂಂ ರಿ ಸರ್."

ಆಮೇಲೆ ನಾನು "ಆದರ" ಎಂದೆನೇ? ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಒಂದೊಂದು ಕಣದ ಗುಣ ಒಂದೊಂದು ಎಂದು ವಿವರಿಸಿದೆನೇ? ವಿವರಿಸಿದಂತೆ ನೆನಪಿದೆ. ಆದರೆ ಆ ನೆನಪು ತೀರ ಸ್ಪಷ್ಟವಾಗಿದೆ, ಅದೇ ನನಗೆ ಅನುಮಾನ. ಪೇಪರು ತಿದ್ದುವವನು ಅಷ್ಟು ಹೊತ್ತು ಮಾತಾಡುವುದಿಲ್ಲ. ಆ "ಆದರ"ವನ್ನು ಮುಂದೆ ನಾನೇ ಸೇರಿಸಿಕೊಂಡಿರಬೇಕು.

ಆ ವರ್ಷ ಮಳೆಗಾಲ ಮುಗಿಯುವಾಗ ಅಕ್ಕ ಫೋನು ಮಾಡಿದಳು. "ಅವ್ವನ ಕಾಲ ಬೆರಳ ಕರ್‍ರಗ ಆಗ್ಯಾವ. ಲಗೂನ ಬಾ."

ಅವ್ವ ನೇಕಾರಳು. ಕುಣಿಮಗ್ಗದಲ್ಲಿ ಕುಳಿತು, ಕೆಳಗಿನ ಹಲಗೆಗಳನ್ನು ಕಾಲಿನಿಂದ ಒತ್ತುತ್ತ ಸೀರೆ ನೇಯ್ದೇ ನಮ್ಮಿಬ್ಬರನ್ನು ಓದಿಸಿದವಳು. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿದ್ದರೂ ಗುಳಿಗೆ ತಪ್ಪಿಸಿದವಳಲ್ಲ. ನಾನು ಹೋದಾಗ ಅವಳ ಬಲಗಾಲಿನ ಎರಡು ಬೆರಳು ಬಣ್ಣಗೆಟ್ಟಿದ್ದವು. ಮಗ್ಗದ ಪಕ್ಕದ ಗೋಡೆಯ ಮಾಡದಲ್ಲಿ ನೀರಿನ ತಂಬಿಗೆ. ಅದರ ಕೆಳಗೆ ಅಂಗೈಯಗಲದ ನೀಲಿ ಗಾಜಿನ ಬಿಲ್ಲೆ. ಗುಳಿಗೆಯ ಪಟ್ಟಿಗಳು ಒಡೆಯದೆ ಹಾಗೇ ಬಿದ್ದಿದ್ದವು.

"ಇದೇನವ್ವಾ?"

"ನಿಮ್ಮ ಮಾಸ್ತರ ಕೊಟ್ಟಾರ. ಇದರ ಮ್ಯಾಲಿಟ್ಟ ನೀರು ನ್ಯಾನೊ ಆಗತೈತಂತ. ಸಕ್ಕರಿ, ಬಿಪಿ, ಮೊಣಕಾಲು, ಎಲ್ಲಾಕ್ಕೂ ಆಗತೈತಂತ."

"ಗುಳಿಗಿ ಬಿಡು ಅಂದ್ರೇನು?"

"ಬಿಡು ಅನಲಿಲ್ಲ. ಹೋಗ್ತ ಹೋಗ್ತ ಬೇಕಾಗೂದಿಲ್ಲ ಅಂದ್ರು. ನಿನ್ನ ಮಗನ ಶಾಸ್ತ್ರ ಇದು ಅಂದ್ರು." ಅವ್ವ ನನ್ನ ಮುಖ ನೋಡಿದಳು. "ನಿಂದ ಅಲ್ಲೇನು ಮತ್ತ?"

ಬಿಲ್ಲೆಯ ಜೊತೆ ಬಂದ ಕಾಗದದ ಮೇಲೆ ಯಾವುದೋ ಕಂಪನಿಯ ಮುದ್ರೆ. ಕೆಳಗೆ ಕೈಬರಹದಲ್ಲಿ, "ಇಳಕಲ್ಲಿನ ನ್ಯಾನೊ ವಿಜ್ಞಾನಿಯ ಗುರುಗಳು" ಎಂದು ಅವರ ಪರಿಚಯ. ಆ ಅಕ್ಷರ ನನಗೆ ಗೊತ್ತು. ನನ್ನ ಉತ್ತರಪತ್ರಿಕೆಗಳ ಅಂಚಿನಲ್ಲಿ "ಪುರಾವೆ ಎಲ್ಲಿ?" ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ ಅಕ್ಷರ ಅದು.

ಬಾಗಲಕೋಟೆಯ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಇನ್ನು ಹತ್ತು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು. ಅವ್ವ ಮನೆಗೆ ಮರಳಿದ ಮಾರನೇ ದಿನ ನಾನೂ ಅಕ್ಕನೂ ಕಮತಗಿಗೆ ಹೋದೆವು.

ಮಾಸ್ತರು ಪಡಸಾಲೆಯಲ್ಲಿದ್ದರು. ಅವರ ಹೆಂಡತಿ ಒಳಗಿನಿಂದ ಸರಸರ ನಡೆದು ಬಂದು ನೀರು ಕೊಟ್ಟರು. ಮೊದಲು ಅವರು ಗೋಡೆ ಹಿಡಿದು ನಡೆಯುತ್ತಿದ್ದವರು. ಅಕ್ಕ ಅವ್ವನ ಬೆರಳಿನ ಸಂಗತಿ ಹೇಳಿದಳು. ಮಾಸ್ತರ ಮುಖ ಬಿಳಿಚಿಕೊಂಡಿತು. "ಎಲ್ಲಾರಿಗೂ ಒಂದ ನಮೂನಿ ಹಿಡಸೂದಿಲ್ಲ" ಎಂದರು.

"ಸರ್, ಆ ಬಿಲ್ಲ್ಯಾಗ ಏನೂ ಇಲ್ಲ. ಬರೇ ಗಾಜು" ಎಂದೆ.

"ಬರೇ ಗಾಜು ಅಂತೀ. ಇಕೀನ್ನ ನೋಡು. ಮೊಣಕಾಲ ಮಡಚಾಕ ಬರ್ತಿರಲಿಲ್ಲ. ಈಗ ಅಟ್ಟ ಹತ್ತತಾಳ. ನಾ ಕಣ್ಣಾರೆ ನೋಡೇನಿ." ಅವರ ಧ್ವನಿ ಏರಿತು. "ಮೂವತ್ತೈದ ವರ್ಷ ಹುಡುಗರಿಗೆ ಅದು ಸುಳ್ಳು, ಇದು ಸುಳ್ಳು ಅಂದೆ. ಯಾರೂ ಮನಿಗೆ ಕರೀಲಿಲ್ಲ. ಒಮ್ಮೆಯಾದ್ರೂ ಹೂಂ ಅನಬೇಕು ಅನಿಸ್ತು. ಈಗ ಶಿರೂರಿನಿಂದ ಬರ್ತಾರ, ಹುನಗುಂದದಿಂದ ಬರ್ತಾರ. 'ಸರ, ನೀವು ಪುಣ್ಯಾತ್ಮರು' ಅಂತಾರ."

ನಾನು ಮಾತು ಬೆಳೆಸಲಿಲ್ಲ. ಗೂಟಕ್ಕೆ ಅದೇ ಹಳೆಯ ಚೀಲ ತೂಗುತ್ತಿತ್ತು. ಎದ್ದು ಅದರಿಂದ ಮೂರು ಗ್ಲಾಸು ತೆಗೆದೆ. ಎರಡಕ್ಕೆ ಕೊಡದೊಳಗಿನ ನೀರು, ಒಂದಕ್ಕೆ ಅವರ ಮನೆಯ ಬಿಲ್ಲೆಯ ಮೇಲಿನ ತಂಬಿಗೆಯ ನೀರು. "ಗೋಡಿ ಕಡೆ ನಿಲ್ರಿ ಸರ್" ಎಂದೆ.

"ಶಿಷ್ಯ ಆಗಿ ಬಂದೀಯೋ, ಪೊಲೀಸ ಆಗಿ ಬಂದೀಯೋ?" ಎಂದರು. ಆದರೂ ನಿಂತರು. ಬಿಲ್ಲೆಯ ನೀರು ನಾಲಿಗೆಗೆ ಹಗುರ, ಎಲ್ಲಿ ಕೊಟ್ಟರೂ ಗುರುತಿಸುತ್ತೇನೆ ಎಂದು ಊರೆಲ್ಲ ಹೇಳಿದವರಿಗೆ ನಿಲ್ಲದೆ ಗತಿಯಿರಲಿಲ್ಲ. ಅಕ್ಕ ಗ್ಲಾಸುಗಳ ಜಾಗ ಬದಲಿಸಿದಳು. ಅವರು ತಿರುಗಿದರು, ಮೂರನ್ನೂ ಗುಟುಕರಿಸಿದರು, ಕೊನೆಯದನ್ನು ಎತ್ತಿದರು.

ಅದೇ ಬಿಲ್ಲೆಯ ನೀರು.

ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು ಉಸಿರು ಬಿಟ್ಟರು. ಮಾಸ್ತರ ತುಟಿಯ ಮೇಲೆ ಸಣ್ಣ ನಗೆ ಬಂತು. ನಾನು ಹೇಳಿದೆ: "ಇನ್ನೊಮ್ಮೆ, ಸರ್."

ಆ ನಗೆ ನಿಂತಿತು. ಅವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೈಯಲ್ಲಿದ್ದ ಗ್ಲಾಸನ್ನು ನೋಡಿದರು. ಹೆಬ್ಬೆರಳಿನ ಸೀಳು ಈಗ ಖಾಲಿಯಿತ್ತು. ಆಮೇಲೆ ಮೂರು ಗ್ಲಾಸುಗಳನ್ನೂ ಎತ್ತಿಕೊಂಡು ಅಂಗಳಕ್ಕೆ ಹೋಗಿ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲಿದರು. "ಚಾ ಕುಡದ ಹೋಗ್ರಿ" ಎಂದು, ನಮ್ಮ ಕಡೆ ತಿರುಗದೆ ಹೇಳಿದರು. ನಾವು ಕುಡಿಯಲಿಲ್ಲ.

ಅವ್ವನ ಬೆರಳಿಗಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಆ ಚೆಲ್ಲಿದ ನೀರು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಅವರು ಸೋತಿದ್ದರೆ ಸಿಟ್ಟು ಅಲ್ಲಿಗೇ ಮುಗಿಯುತ್ತಿತ್ತು. ಒಂಬತ್ತನೇ ತರಗತಿಯ ಹುಡುಗನನ್ನು ಗೆದ್ದ ಸಂತೋಷದಿಂದ ಎಳೆದು ತಂದು ಎರಡನೇ ಸಲ ನಿಲ್ಲಿಸಿದವರು, ತಮ್ಮ ಪಾಳಿ ಬಂದಾಗ ಗೆದ್ದಲ್ಲಿಗೇ ನಿಲ್ಲಿಸಿಬಿಟ್ಟರು.

ನಾವು ಹೊಸ್ತಿಲು ದಾಟುವಾಗ ಅವರು, "ಅವ್ವಗ ಗುಳಿಗಿ ಬಿಡಬ್ಯಾಡ ಅನ್ರಿ" ಎಂದರು ಎನ್ನುತ್ತಾಳೆ ಅಕ್ಕ. ನನಗೆ ಅದು ಕೇಳಿಸಿದ ನೆನಪಿಲ್ಲ. ಅಕ್ಕನ ನೆನಪು ಸರಿಯಾದರೆ ಬಿಲ್ಲೆ ಸುಳ್ಳೆಂದು ಅವರಿಗೆ ಗೊತ್ತಿತ್ತು. ನನ್ನದು ಸರಿಯಾದರೆ ಅವರು ಅದನ್ನು ನಂಬಿದ್ದರು. ಯಾವುದು ಹೆಚ್ಚಿನ ದ್ರೋಹ ಎಂದು ನಾವಿಬ್ಬರೂ ಎಷ್ಟೋ ಸಲ ಜಗಳಾಡಿದ್ದೇವೆ.

ಮತ್ತೆ ನಾನು ಅವರನ್ನು ಕಾಣಲಿಲ್ಲ. ಎರಡು ವರ್ಷದ ಮೇಲೆ ಎದೆನೋವಿನಿಂದ ತೀರಿಕೊಂಡರು. ಮೂರನೇ ದಿನ ಕಮತಗಿಗೆ ಹೋದೆ. ಅವರ ಮನೆಯವರು ನನ್ನನ್ನು ಕೂಡಿಸಿಕೊಂಡು ಹೇಳಿದರು:

"ಯಪ್ಪಾ, ನನ್ನ ಮೊಣಕಾಲು ಆ ನೀರಿಲೆ ಚಲೋ ಆಗಿದ್ದಲ್ಲ. ತಂಗಿ ಜೋಡಿ ಹೋಗಿ ಹುನಗುಂದದ ಹೊಸಾ ಡಾಕ್ಟರ ಕಡೆ ತೋರಿಸಿದ್ದೆ. ಅವರ ಗುಳಿಗಿ ನುಂಗತಿದ್ದೆ. ಇವರು ಬಿಲ್ಲಿ ತಂದ ಎಂಟ ದಿನಕ್ಕ, ಹೆಂಗೈತಿ ಅಂತ ಅಷ್ಟು ಆಸೆಲೆ ಕೇಳಿದ್ರು. ನೀರಿಲೆನ ಚಲೋ ಆತು ಅಂದೆ. ಗುಳಿಗಿ ಜೋಳದ ಹಿಟ್ಟಿನ ಡಬ್ಬಿಯಾಗ ಮುಚ್ಚಿಟ್ಟಿದ್ದೆ."

"ಅವರಿಗೆ ಗೊತ್ತಾಗಲಿಲ್ಲೇನ್ರಿ?"

"ಒಂದಿನ ಆ ಡಬ್ಬಿ ತಗದಿದ್ರು. ನೋಡಿದ್ರು. ಏನೂ ಅನಲಿಲ್ಲ, ಮುಚ್ಚಿ ಇಟ್ರು."

"ಯಾವಾಗ್ರಿ? ನಾವು ಬಂದು ಹೋಗೂಕಿಂತ ಮೊದಲೋ, ಆಮೇಲೋ?"

ಅವರು ಯೋಚಿಸಿದರು. ನಾನು ಅವರ ತುಟಿಗಳನ್ನೇ ನೋಡುತ್ತಿದ್ದೆ.

"ನೆನಪಿಲ್ಲಪ್ಪ" ಎಂದರು.

ಅಲ್ಲಿಂದ ನೇರ ಇಳಕಲ್ಲಿಗೆ ಹೋದೆ. ಅವ್ವ ಮಗ್ಗಕ್ಕೆ ಇಳಿಯುವುದನ್ನು ಬಿಟ್ಟಿದ್ದಾಳೆ. ಹಲಗೆ ಒತ್ತಲು ಆ ಕಾಲಿಗೆ ಬಲವಿಲ್ಲ; ಕುಳಿತಲ್ಲೇ ರಾಟಿಯಲ್ಲಿ ನೂಲು ಸುತ್ತುತ್ತಾಳೆ. ನಾನು ಎಲ್ಲ ಹೇಳಿದೆ. ಅವಳು ರಾಟಿ ನಿಲ್ಲಿಸಲಿಲ್ಲ.

"ಪಾಪ" ಎಂದಳು.

"ಪಾಪ ಅಂತೀಯಲ್ಲವ್ವಾ! ನಿನ್ನ ಬೆರಳ ಹೋದ್ವು."

"ಹೋದ್ವು. ನಾ ಏನು ಇಲ್ಲ ಅಂದ್ನೇನು? ಆದರ ನೋಡು, ಹೆಂಡತಿ ಅವರಿಗೆ ಹೂಂ ಅಂದಳು. ನೀ ಫೋನಿನ್ಯಾಗ ಹೂಂ ಅಂದಿ. ನಾ ಹೂಂ ಅಂತ ಕುಡದೆ. ಎಲ್ಲಾರನೂ ಇನ್ನೊಮ್ಮೆ ಇನ್ನೊಮ್ಮೆ ಅಂತ ಕೇಳಿದಾತಗ, ಇನ್ನೊಮ್ಮೆ ಅನ್ನಾವ್ರು ಹೊತ್ತಿಗೆ ಯಾರೂ ಸಿಗಲಿಲ್ಲ."

ಅವ್ವನ ಮಾತಿಗೆ ನಾನು ಹೂಂ ಅನ್ನಲಿಲ್ಲ. ಇವತ್ತಿಗೂ ನನ್ನ ಸಿಟ್ಟು ಇಳಿದಿಲ್ಲ. ಇಳಕಲ್ಲಿನಿಂದ ಮರಳುವಾಗ ಬಸ್ಸು ಕಮತಗಿಯಲ್ಲಿ ನಿಂತರೆ ಕಿಟಕಿಯ ಆ ಕಡೆ ನೋಡುವುದಿಲ್ಲ. ಆದರೆ ಪ್ರಯೋಗಾಲಯದಲ್ಲಿ ಯಾರಾದರೂ ವಿದ್ಯಾರ್ಥಿ ಓಡಿ ಬಂದು, "ಸರ್, ಬಂತ್ರಿ! ಹನಿ ನಿಂತಿಲ್ಲ, ಉರುಳಿ ಹೋತು!" ಎಂದು ಮುಖವರಳಿಸಿ ನಿಂತಾಗ, ಭೇಷ್ ಅನ್ನಬೇಕೆಂದುಕೊಳ್ಳುತ್ತೇನೆ. ಬಾಯಿ ತೆರೆದರೆ ಬರುವುದು ಅವರ ಮಾತು, ಅವರದೇ ಧ್ವನಿಯಲ್ಲಿ.

"ಇನ್ನೊಮ್ಮೆ."