ವಿಧವೆ ಲೌರಿಯ ಓಟು
ಕೌಂಟಿ ಕೌನ್ಸಿಲ್ ಅನ್ನುವ, ಜನರೇ ಆರಿಸುವ ಜಿಲ್ಲಾ ಸಭೆ ವೇಲ್ಸಿಗೆ ಬರುವ ತನಕ ಲೌರಿ ಪ್ರಿಸ್‌ಳ ಬಾಗಿಲು ತಟ್ಟುತ್ತಿದ್ದವರು ಗೇಣಿ ಕೇಳುವವರು ಮಾತ್ರ. ತೆರಿಗೆ ಕಟ್ಟುವ ವಿಧವೆಗೂ ಓಟುಂಟು ಎಂದು ಗೊತ್ತಾದದ್ದೇ, ಚುನಾವಣೆಗೆ ನಿಂತ ಜಮೀನ್ದಾರರು ಖುದ್ದಾಗಿ ಬಂದು ಅವಳ ಹಂದಿಯ ಯೋಗಕ್ಷೇಮ ವಿಚಾರಿಸಿದರು; ಅವರ ಎದುರು ನಿಂತ, ಚಾಪೆಲ್ ಎಂಬ ಊರ ಪ್ರಾರ್ಥನಾಮಂದಿರದ ಹಿರಿಯರು ಬಂದು ಅದೇ ಹಂದಿಯನ್ನು ಹೊಗಳಿದರು. ಲೌರಿ ಯಾರಿಗೂ ಇಲ್ಲ ಎನ್ನುವವಳಲ್ಲ. “ಕೂತ್ಕೊಳ್ಳಿ ದಣಿ, ಹಾಗೇ ಈ ಕೆನೆ ಒಂಚೂರು ಕಡೀತಿರಿ, ಅಷ್ಟ್ರಲ್ಲಿ ಯೋಚ್ನೆ ಮಾಡ್ತೀನಿ” ಎನ್ನುವಳು. ಬೆಣ್ಣೆ ಬಂದರೂ ಯೋಚನೆ ಮುಗಿಯುತ್ತಿರಲಿಲ್ಲ. ಆ ಜನವರಿಯಲ್ಲಿ ಅವಳ ಮನೆಯ ಬೆಣ್ಣೆ ಅರ್ಧ ಜಮೀನ್ದಾರರು ಕಡೆದದ್ದು, ಅರ್ಧ ಚಾಪೆಲ್ಲಿನವರು ಕಡೆದದ್ದು. ರುಚಿಯಲ್ಲಿ ಏನೂ ವ್ಯತ್ಯಾಸವಿಲ್ಲ ಎಂಬುದು ಅವಳ ಅಭಿಪ್ರಾಯ. ಪಾಡುಪಟ್ಟವನು ಕುದುರೆ ಜೀನು ಹೊಲಿಯುವ ತುದುರ್. ವರ್ಷಗಟ್ಟಲೆ ಅವಳ ಹಿಂದೆ ಬಿದ್ದು, ಹಿಂದಿನ ತಿಂಗಳ ಕ್ರಿಸ್‌ಮಸ್ಸಿಗೆ ಮದುವೆಗೆ ಹೂಂ ಅನ್ನಿಸಿಕೊಂಡಿದ್ದ. ಗಂಡನಿದ್ದವಳಿಗೆ ಓಟಿಲ್ಲ ಎಂದು ಯಾರೋ ಹೇಳಿದರು, ಲೌರಿ ಮದುವೆಯನ್ನು ಮುಂದೂಡಿದಳು. ಓಟಿನ ದಿನ ಸತ್ತ ಗಂಡನ ದೊಗಳೆ ಕೋಟು ತೊಟ್ಟು ಓಟು ಹಾಕುವ ಶಾಲೆಗೆ ನಡೆದಳು. ಗುಟ್ಟಿನ ಓಟು ಇನ್ನೂ ಬಂದಿರದ ಕಾಲದಲ್ಲಿ ಅದೇ ಕೋಟಿನಲ್ಲಿ ಅವನು ಜಮೀನ್ದಾರರಿಗೆ ಬೇಡವಾದವನ ಹೆಸರನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಿ ಓಟು ಹಾಕಿದ್ದ. ಆ ಹೆಸರಿಗಾಗಿ ಹಳೆಯ ಜಮೀನ್ದಾರರು ಗಂಡಹೆಂಡತಿಯಿಂದ ಹೊಲಮನೆ ಬಿಡಿಸಿದ್ದರು. ಅವಳು ಹೊರಬಂದಾಗ ತುದುರ್ ಗೇಟಿನ ಬಳಿ ಕಾಯುತ್ತಿದ್ದ. “ಯಾರಿಗೆ ಹಾಕ್ದೆ?” “ಹೇಳಲ್ಲ. ನಮ್ಮೆಜಮಾನ್ರು ಹೇಳೇ ಮನೆ ಕಳ್ಕೊಂಡ್ರು.” ತುದುರ್ ಟೋಪಿ ತೆಗೆದು ಅವಳ ಜೊತೆ ನಡೆದ. “ಇನ್ನು ಮದ್ವೆಗೇನು ಅಡ್ಡಿ, ಲೌರಿ?” ಅವಳು ಕೋಟಿನ ಗುಂಡಿ ಹಾಕಿಕೊಂಡಳು. “ಮೂರು ವರ್ಷಕ್ಕೆ ಮತ್ತೆ ಓಟಂತೆ ಕಣೋ.”