ಬಾಗಿಲ ಲೆಕ್ಕ

1997ರ ಜೂನ್‌ನಲ್ಲಿ ಪುಣೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯ ಹತ್ತನೆಯ ತರಗತಿಯ ಗಣಿತವನ್ನು ಅಕ್ಕೋರಿಗೆ ವಹಿಸಲಾಯಿತು. ಅಲ್ಲಿಯವರೆಗೆ ಅವರು ಅದೇ ಶಾಲೆಯಲ್ಲಿ ಐದನೆಯ ತರಗತಿಗೆ ಕಲಿಸುತ್ತಿದ್ದರು. ಧಾರವಾಡದ ಕಡೆಯವರೇ ಹೆಚ್ಚಿದ್ದ ನಮ್ಮ ಶಾಲೆಯಲ್ಲಿ ಶಿಕ್ಷಕಿಯರೆಲ್ಲ ಅಕ್ಕೋರೇ. ಆದರೆ ನನಗೆ ಇಂದಿಗೂ ಆ ಮಾತು ಅವರೊಬ್ಬರಿಗೇ ಸಲ್ಲುತ್ತದೆ.

ಮೊದಲ ದಿನ ಸಂಜೆ ಗಂಟೆ ಹೊಡೆದಾಗ ಅವರು ಬಾಗಿಲಲ್ಲಿ ನಿಂತಿದ್ದರು. ಎಡಗೈ ಚೌಕಟ್ಟಿಗೆ ಅಡ್ಡ. ಮಣಿಕಟ್ಟಿನಲ್ಲಿ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಅದರ ಮುಖ ಒಳಮಗ್ಗುಲಿಗೆ. ಬಲಗೈಯ ಬೆರಳ ತುದಿಗಳು ಸೀಮೆಸುಣ್ಣದಿಂದ ಬೆಳ್ಳಗಾಗಿ ಬಿರುಕು ಬಿಟ್ಟಿದ್ದವು.

"ಊರಿಗೆ ಬರೋ ಲಾರಿ ಜಕಾತಿ ನಾಕಾದಾಗ ಸುಂಕಾ ಕಟ್ಟತಾವಿಲ್ಲೋ? ಹಂಗ ನೀವೂ ಒಂದು ಲೆಕ್ಕಾ ಕಟ್ಟಿ ಹೋಗ್ರಿ" ಎಂದರು.

ಅಂದು ಕಲಿಸಿದ್ದರಲ್ಲಿ ಒಂದು ಲೆಕ್ಕ, ಅವರ ಕಣ್ಣೆದುರಿಗೇ. ಸರಿ ಮಾಡಿದವರಿಗೆ ಅಂಥವೇ ಮೂರು ಮನೆಗೆ ಸಿಗುತ್ತಿದ್ದವು. ತಪ್ಪಿದವರಿಗೆ ಮನೆಗೆಲಸವಿಲ್ಲ, ಅವರು ಮರುದಿನ ಮುಂಜಾನೆ ಪ್ರಾರ್ಥನೆಗೆ ಮೊದಲು ಬಂದು ಅಕ್ಕೋರ ಮುಂದೆ ಕಲಿಯಬೇಕು. ಈ ಪದ್ಧತಿ ಕೇಳಿ ತರಗತಿಯ ಅರ್ಧಕ್ಕರ್ಧ ಮಂದಿಗೆ ಹಬ್ಬವಾಯಿತು. ನನ್ನ ಬೆಂಚಿನ ಗೆಳತಿ ಬೇಕೆಂದೇ ತಪ್ಪು ಬರೆದು ಕೊಟ್ಟಳು. ಅಕ್ಕೋರು ಹಾಳೆಯನ್ನೂ ಅವಳ ಮುಖವನ್ನೂ ನೋಡಿದರು.

"ಏ ಕತ್ತೆ, ತಪ್ಪು ಮಾಡಾಕೂ ಶಾಣ್ಯಾತನ ಬೇಕು. ನಾಳೆ ಏಳಕ್ಕ ಬಾ."

ಏಳಕ್ಕೆ ಬಂದವರಿಗೆ ಚಳಿಗಾಲದಲ್ಲಿ ಒಂದೊಂದು ಹಿಡಿ ಹುರಿದ ಶೇಂಗಾ ಸಿಗುತ್ತಿತ್ತು. ಅದನ್ನು ಅವರು ಕನ್ನಡಕದ ಹಳೆಯ ಡಬ್ಬಿಯಲ್ಲಿ ತರುತ್ತಿದ್ದರು. ಶಾಲೆಯ ಸಿಪಾಯಿ ಬೀಗ ತೆಗೆಯಲು ತಡಮಾಡಿದರೆ ಮರಾಠಿಯಲ್ಲಿ ಗದರಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ನಗುತ್ತಿದ್ದರು.

ನನಗೆ ಜುಲೈ ತಿಂಗಳು ಪೂರ್ತಿ ಮನೆಗೆಲಸ ಸಿಗಲಿಲ್ಲ. ವರ್ಗಸಮೀಕರಣದಲ್ಲಿ ಪ್ರತಿ ಸಲ ಚಿಹ್ನೆ ತಪ್ಪುತ್ತಿತ್ತು. ನಾವು ನಿಗಡಿಯಲ್ಲಿದ್ದೆವು, ಏಳಕ್ಕೆ ಶಾಲೆ ಮುಟ್ಟಲು ಆಕುರ್ಡಿಯಲ್ಲಿ ಬೆಳಗಿನ ಲೋಕಲ್ ರೈಲು ಹಿಡಿಯಬೇಕಿತ್ತು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಒಂದು ವಾರ ಕಾದು ನೋಡಿದರು. ಆಮೇಲೆ ಗೈಡು ತಂದು ಪ್ರತಿದಿನ ಊಟಕ್ಕೆ ಮೊದಲು ನಾಲ್ಕು ಪುಟ ಲೆಕ್ಕ ಮಾಡಿಸತೊಡಗಿದರು. ಪುಟ ತುಂಬಿದೆಯೇ ಎಂದು ನೋಡುತ್ತಿದ್ದರು. ಉತ್ತರ ನೋಡಲು ಅವರಿಗೆ ಪುರಸೊತ್ತಿರಲಿಲ್ಲ. ಆಗಸ್ಟ್ ಹೊತ್ತಿಗೆ ನಾನು ಆ ಬಗೆಯ ಲೆಕ್ಕವನ್ನು ಕಣ್ಣು ಮುಚ್ಚಿ ಮಾಡಬಲ್ಲವಳಾಗಿದ್ದೆ. ಎಲ್ಲವೂ ಒಂದೇ ರೀತಿ ತಪ್ಪು.

ಪಾಲಕರ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದವರು ಅಪ್ಪ.

"ಅಕ್ಕೋರ, ಶಾಣ್ಯಾ ಹುಡುಗರಿಗೆ ಲೆಕ್ಕಾ ಕೊಡ್ತೀರಿ, ದಡ್ಡರಿಗೆ ಸೂಟಿ ಕೊಡ್ತೀರಿ. ಇದ್ಯಾವ ನ್ಯಾಯಾರೀ?"

"ಸೂಟಿ ಅಲ್ರಿ. ನಿಮ್ಮ ಮಗಳು ಐದೂವರೆಗೆ ಏಳ್ತಾಳ. ಸೂಟಿ ಇದ್ದವರು ಅಷ್ಟೊತ್ತಿಗೆ ಏಳ್ತಾರೇನ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಪ್ಪ ಪಟ್ಟು ಬಿಡಲಿಲ್ಲ. "ನಾ ಮನ್ಯಾಗ ದಿನಾ ನಾಲ್ಕು ಪುಟಾ ಮಾಡಸ್ತೀನಿ. ಆ ಕೆಲಸಾ ನಿಮ್ಮದಲ್ಲೇನು?"

ಅಕ್ಕೋರು ನನ್ನನ್ನು ಫಲಕದ ಬಳಿ ಕರೆದು x² − 5x + 6 = 0 ಎಂದು ಬರೆದರು. ನಾನು ಸರಸರನೆ ಬಿಡಿಸಿದೆ: ಮೈನಸ್ ಎರಡು, ಮೈನಸ್ ಮೂರು. ಅಪ್ಪನ ಮುಖದಲ್ಲಿ ಬೆಳಕಿತ್ತು.

"ಛಲೋ ಸ್ಪೀಡ್ ಅದ. ಈಗ ಆ ಮೈನಸ್ ಎರಡನ್ನ ಒಳಗ ಹಾಕು."

ಹಾಕಿದೆ. ನಾಲ್ಕು, ಹತ್ತು, ಆರು ಕೂಡಿ ಇಪ್ಪತ್ತು ಬಂತು.

"ಆ ಕಡೆ ಸೊನ್ನಿ ಅದ, ಈ ಕಡೆ ಇಪ್ಪತ್ತು ಬಂತು. ನಿಮ್ಮ ಬ್ಯಾಂಕಿನ್ಯಾಗ ಇದು ನಡೀತದೇನ್ರಿ?" ಎಂದು ಅವರು ಅಪ್ಪನನ್ನೇ ಕೇಳಿದರು. ದನಿ ಏರಿರಲಿಲ್ಲ. "ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮೂರಾಗ ಹಾಡವರು ಒಂದು ಮಾತು ಹೇಳ್ತಾರ. ಸ್ವರಾ ತಪ್ಪಿ ರಿಯಾಜ್ ಮಾಡಿದ್ರ ತಪ್ಪು ಸ್ವರಾನ ಗಟ್ಟಿ ಆಗ್ತದ. ಸ್ವರಾ ಹತ್ತೂ ತನಕಾ ಗುರು ಮುಂದ ಕೂಡಬೇಕು. ಹತ್ತಿದ ಮ್ಯಾಲೆ ಮನ್ಯಾಗ ಎಷ್ಟರ ಹಾಡ್ಲಿ."

ಅಪ್ಪನಿಗೆ ಒಪ್ಪಿಗೆಯಾಗಲಿಲ್ಲ. ಉಳಿದ ಪಾಲಕರಿಗೂ ಆಗಲಿಲ್ಲ. ಮುಖ್ಯೋಪಾಧ್ಯಾಯರು ಅಲ್ಲಿಯೇ ನಿರ್ಧಾರ ಹೇಳಿದರು: ದೀಪಾವಳಿಗೆ ಮೊದಲಿನ ಸಹಾಮಾಹಿ, ಅಂದರೆ ಅರ್ಧವಾರ್ಷಿಕ ಪರೀಕ್ಷೆಯವರೆಗೆ ಅಕ್ಕೋರ ಪದ್ಧತಿ ನಡೆಯಲಿ. ಫಲಿತಾಂಶ ಹಿಂದಿನ ವರ್ಷಕ್ಕಿಂತ ಸುಧಾರಿಸದಿದ್ದರೆ ಹತ್ತನೆಯ ತರಗತಿ ಬೇರೆಯವರಿಗೆ, ಅಕ್ಕೋರು ಮರಳಿ ಐದನೆಯ ತರಗತಿಗೆ.

"ಆಗ್ಲಿ ಸರ್," ಎಂದರು ಅಕ್ಕೋರು. "ಐದನೇದಕ್ಕ ಹೋಗೂದು ನನಗ ಶಿಕ್ಷಾ ಅಲ್ಲ. ಆದ್ರ ಇವರನ್ನ ನಡುವ ಬಿಟ್ಟು ಹೋಗಾಂಗಿಲ್ಲ." ಆಮೇಲೆ ಅಪ್ಪನಿಗೆ, "ನೀವು ಒಂದು ಉಪಕಾರಾ ಮಾಡ್ರಿ. ಆ ನಾಲ್ಕು ಪುಟಾ ನಿಲ್ಲಸ್ರಿ. ಸಹಾಮಾಹಿ ತನಕಾ ಅಷ್ಟ."

"ಫೇಲ್ ಆದ್ರ?"

"ಆದ್ರ ನಾನೂ ಅಕೀನೂ ಕೂಡೇ ಫೇಲ್."

ಅಪ್ಪ ಗೈಡನ್ನು ಕಪಾಟಿನ ಮೇಲಿಟ್ಟರು.

ಮುಂದಿನ ಮುಂಜಾನೆಗಳಲ್ಲಿ ಅಕ್ಕೋರು ನನಗೆ ಹೊಸದೇನನ್ನೂ ಕಲಿಸಲಿಲ್ಲ. ಒಂದೇ ಲೆಕ್ಕವನ್ನು ನಿಧಾನವಾಗಿ ಮಾಡಿಸಿ, ಪ್ರತಿ ಉತ್ತರವನ್ನು ಒಳಗೆ ಹಾಕಿ ನೋಡಿಸಿದರು. ನನ್ನ ಕೈ ಮೊದಲಿನ ಅಭ್ಯಾಸದಂತೆ ಮೈನಸ್ ಕಡೆಗೇ ಓಡುತ್ತಿತ್ತು. ಓಡಿದಾಗಲೆಲ್ಲ "ಹಾಕಿ ನೋಡು" ಎನ್ನುತ್ತಿದ್ದರು, ಬೇರೆ ಬೈಗುಳವಿಲ್ಲ. ತಪ್ಪು ಕಲಿಯಲು ಒಂದು ತಿಂಗಳು ಸಾಕಾಗಿತ್ತು. ಮರೆಯಲು ಅದಕ್ಕಿಂತ ಹೆಚ್ಚು ಬೇಕಾಯಿತು. ಗಣಪತಿ ಹಬ್ಬ ಮುಗಿದ ಮೇಲೆ ಒಂದು ಸಂಜೆ ಬಾಗಿಲಲ್ಲಿ ನನ್ನ ಹಾಳೆ ನೋಡಿ ಕೈ ಕೆಳಗಿಳಿಸಿದರು. "ಮೂರು ಲೆಕ್ಕಾ ಬರಕೋ" ಎಂದರು. ಮನೆಗೆಲಸ ಸಿಕ್ಕಿತೆಂದು ನಾನು ಆಕುರ್ಡಿಯವರೆಗೆ ನಗುತ್ತಲೇ ಬಂದೆ.

ಮನೆಯಿಂದ ಮಾಡಿ ತಂದದ್ದನ್ನೂ ಅವರು ಸುಮ್ಮನೆ ಸಹಿ ಹಾಕಿ ಬಿಡುತ್ತಿರಲಿಲ್ಲ. ಯಾವುದಾದರೂ ಒಂದನ್ನು ಮತ್ತೆ ಫಲಕದ ಮೇಲೆ ಮಾಡಿಸುತ್ತಿದ್ದರು. ಹದಿನೈದು ದಿನ ಕಳೆದು, ನಾವು ಮರೆತಿದ್ದಾಗ, ಅದೇ ಬಗೆಯದು ಬಾಗಿಲಲ್ಲಿ ಬರುತ್ತಿತ್ತು. "ನಿನ್ನಿ ಬಂದ ಲೆಕ್ಕಾ ಇವತ್ತ ಬರದಿದ್ರ ಬಂದಂಗಲ್ಲ" ಎನ್ನುತ್ತಿದ್ದರು.

ಸಹಾಮಾಹಿಯ ಹಿಂದಿನ ದಿನ ಅವರು ಬಾಗಿಲಲ್ಲಿ ನಿಲ್ಲಲಿಲ್ಲ. "ಇವತ್ತ ನಾಕಾ ಬಂದ್. ಹೋಗಿ ಮಲಕೋರಿ" ಎಂದು ಮೇಜಿನ ಮೇಲಿದ್ದ ಸೀಮೆಸುಣ್ಣದ ಚೂರುಗಳನ್ನು ಆರಿಸುತ್ತ ಕುಳಿತರು.

ಫಲಿತಾಂಶ ಹಿಂದಿನ ವರ್ಷಕ್ಕಿಂತ ಉತ್ತಮವಾಗಿತ್ತು. ತೀರ ಹೆಚ್ಚೇನಲ್ಲ, ಆದರೆ ಮುಂಜಾನೆ ಬರುತ್ತಿದ್ದವರಲ್ಲಿ ಒಬ್ಬ ಹುಡುಗನನ್ನು ಬಿಟ್ಟು ಎಲ್ಲರೂ ಪಾಸಾಗಿದ್ದೆವು. ವೇಳಾಪಟ್ಟಿ ಬದಲಾಗಲಿಲ್ಲ. ದೀಪಾವಳಿ ರಜೆ ಮುಗಿದ ಮೊದಲ ದಿನ ಏಳಕ್ಕೆ ಅಕ್ಕೋರು ಆ ಹುಡುಗನ ಪಕ್ಕದಲ್ಲಿ ಕುಳಿತಿದ್ದರು. ಮಾರ್ಚ್‌ನ ಬೋರ್ಡ್ ಪರೀಕ್ಷೆಯಲ್ಲಿ ಅವನೂ ಪಾಸಾದ.

ಅಕ್ಕೋರು ನಿವೃತ್ತಿಯವರೆಗೆ ಹತ್ತನೆಯ ತರಗತಿಗೇ ಕಲಿಸಿದರು. ನಾನು ಪತ್ರಿಕೆಯ ಕೆಲಸಕ್ಕೆ ಸೇರಿದೆ. ಅಂಕಿ ಇರುವ ಸುದ್ದಿಯನ್ನು ಕಳಿಸುವ ಮೊದಲು ಇಂದಿಗೂ ಒಳಗೆ ಹಾಕಿ ನೋಡುತ್ತೇನೆ.

2007ರ ಮಳೆಗಾಲದಲ್ಲಿ ಅವರು ಪುಣೆಯ ಕೊಂಢವಾದಲ್ಲಿದ್ದ ಮಗಳ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದ ದಿನ ಅಪ್ಪ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದರು.

ಅಪ್ಪ ಈಗ ನಿವೃತ್ತರು. ನಿಗಡಿಯ ಮನೆಗೆ ಸಂಜೆ ಅಕ್ಕಪಕ್ಕದ ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಅವರು ಹೊರಡುವ ಹೊತ್ತಿಗೆ ಅಪ್ಪ ಎದ್ದು ಹೋಗಿ ಬಾಗಿಲಿಗೆ ಕೈ ಅಡ್ಡ ಇಡುತ್ತಾರೆ.